‘ಮನ’ ‘ಮಾನ’ವಾದಾಗ

ವೈಟ್‌ಫೀಲ್ಡಿನ ಒಂದು ಕನ್ನಡ ಆರಾಧನೆಯಲ್ಲಿ ಕುಳಿತಿದ್ದೆ. ರಾಗ ಯುರೋಪಿನದು, ಮಾತು ಕನ್ನಡದ್ದು. ಹಾಡು ಸಾಗಿದಂತೆ ‘ಮನ’ ‘ಮಾನ’ವಾಯಿತು, ‘ಬಲ’ ‘ಬಾಲ’ವಾಯಿತು. ಹಾಡುವವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಕೊರತೆ ಹಾಡಿನ ಕಟ್ಟಡದಲ್ಲೇ ಇತ್ತು. ಜರ್ಮನ್ ಸ್ತುತಿಗೀತೆ ಅಕ್ಷರದ ಮೇಲೆ ಬೀಳುವ ಒತ್ತಿನಿಂದ ನಡೆಯುತ್ತದೆ, ಕನ್ನಡ ಪದ್ಯ ಲಘು ಗುರುಗಳ ಅಳತೆಯಿಂದ. ಒಂದರ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಿದರೆ ಹೊಲಿಗೆ ಬಿಚ್ಚುತ್ತದೆ.

ಆ ಹಾಡುಗಳ ಮೂಲ ದೂರದ್ದು. ಮೊರಾವಿಯಾದಿಂದ ಓಡಿಬಂದವರಿಗೆ 1722ರಲ್ಲಿ ತನ್ನ ಜಮೀನಿನಲ್ಲಿ ನೆಲೆ ಕೊಟ್ಟು, ಮುಂದೆ ಅವರ ಬಿಷಪ್ಪನೂ ಆದ ಜರ್ಮನ್ ಕೌಂಟ್ ಜಿನ್ಜೆಂಡಾರ್ಫ್ (1700–1760) ಸುಮಾರು 2,000 ಸ್ತುತಿಗೀತೆಗಳನ್ನು ಬರೆದ. ಯೇಸುವನ್ನು ಎದುರಿಗೆ ಕೂರಿಸಿಕೊಂಡು ಮಾತಾಡುವ ಸಲಿಗೆ ಅವನ ಹಾಡಿನ ಜೀವ. ಒಳಗಿನ ಭಕ್ತಿಗೇ ಒತ್ತು ಕೊಟ್ಟ ಅದೇ ಪ್ರೊಟೆಸ್ಟಂಟ್ ಪಂಥದ ಗಾಳಿಯಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಪಾದ್ರಿಗಳಾದ ಮೋಗ್ಲಿಂಗ್, ವೈಗಲ್ ಮುಂತಾದವರು ಆ ರಾಗಗಳಿಗೆ ಹೊಂದಿಸಿ ಸಭೆಗೆ ಕನ್ನಡದ ಗೀತೆಗಳನ್ನು ಕಟ್ಟಿಕೊಟ್ಟರು. ಶ್ರಮ ದೊಡ್ಡದು, ನಿಜ.

ಆದರೆ ಬೇರೆ ದಾರಿ ಹಿಡಿದವರು ಅದೇ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್. 1853ರಲ್ಲಿ ಬಂದ ಈ ತರುಣ ಪಾದ್ರಿ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಯೇಸುವಿನ ಬದುಕು ಈ ನೆಲದ ಛಂದಸ್ಸಿನಲ್ಲಿ ಹರಿದ ಕಾವ್ಯ ಅದು. 1894ರ ಕನ್ನಡ-ಇಂಗ್ಲಿಷ್ ನಿಘಂಟು ಅವರಿಗೆ ಕೀರ್ತಿ ತಂದಿತು, ಆದರೆ ಅದಕ್ಕೆ ಮೂವತ್ತೆರಡು ವರ್ಷ ಮೊದಲೇ ಅವರ ಕಿವಿ ಕನ್ನಡಕ್ಕೆ ಒಗ್ಗಿತ್ತು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದ್ದೂ ಅದೇ ಕಿವಿಯ ಕೆಲಸ. ಕನ್ನಡದ ಮಾತ್ರೆಗೆ ಕಥೆಯನ್ನು ಒಪ್ಪಿಸಿದ್ದು ‘ಕಥಾಮಾಲೆ’ಯ ದೊಡ್ಡ ಗೆಲುವು. ಅಲ್ಲಿ ಪದ ತನ್ನ ಉದ್ದಕ್ಕೆ ತಾನೇ ನಿಲ್ಲುತ್ತದೆ, ರಾಗಕ್ಕಾಗಿ ಎಳೆಸಿಕೊಳ್ಳುವುದಿಲ್ಲ.

ಮಿತಿಯನ್ನೂ ಹೇಳಬೇಕು. ‘ಕಥಾಮಾಲೆ’ ಕಥನ. ಸಭೆಯೆಲ್ಲ ಒಂದೇ ಉಸಿರಿನಲ್ಲಿ ಹಾಡಲು ಪಲ್ಲವಿ ಬೇಕು, ಭಕ್ತನ ‘ನಾನು’ ಬೇಕು. ಜಿನ್ಜೆಂಡಾರ್ಫನ ಸಲಿಗೆ ಕನ್ನಡಕ್ಕೆ ಹೊಸದೇನಲ್ಲ: ದೇವರನ್ನು ಗದರಿ, ಹಂಗಿಸಿ, ಬೇಡಿದ ವಚನಕಾರರೂ ದಾಸರೂ ಇಲ್ಲಿದ್ದರು. ಕಿಟ್ಟೆಲರ ಛಂದಸ್ಸಿಗೆ ಆ ಬಿಸಿ ಕೂಡಿದ್ದರೆ ನಮ್ಮ ಸಭೆಗಳ ಹಾಡುಪುಸ್ತಕದ ಹಣೆಬರಹವೇ ಬೇರೆಯಾಗುತ್ತಿತ್ತೆಂದು ನನಗೆ ಅನ್ನಿಸುತ್ತದೆ. ಅವರು ಬಾಗಿಲು ತೆರೆದರು. ಒಳಗೆ ಹೋಗಬೇಕಾದವರು ಹಳೆಯ ರಾಗದಲ್ಲೇ ಉಳಿದರು.

ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಎಷ್ಟೋ ಭಾಷೆಗಳ ನಡುವೆ ಕನ್ನಡ ಆರಾಧನೆಗೂ ಒಂದು ಹೊತ್ತು ಉಳಿದಿದೆ. ಊರಿಂದೂರಿಗೆ ಕೆಲಸ ಹುಡುಕಿ ಬಂದ ಮಂದಿಗೆ ಆ ಒಂದು ಗಂಟೆಯೇ ತವರುಮಾತಿನ ನೆರಳು. ಅಲ್ಲಿಯಾದರೂ ಪದ ಮುರಿಯದಿರಲಿ. ಗಾಯಕವೃಂದ ನಡೆಸುವವರಲ್ಲಿ ನನ್ನ ಕೋರಿಕೆ: ಹೊಸ ಹಾಡು ಕಲಿಸುವ ಮೊದಲು ರಾಗ ಬದಿಗಿಟ್ಟು ಸಾಲನ್ನು ಒಮ್ಮೆ ಬಾಯಿಬಿಟ್ಟು ಓದಿಸಿ. ಮಾತ್ರೆಗೆ ಒಗ್ಗದ ರಾಗವನ್ನು ಬಿಟ್ಟುಬಿಡಿ. ಒಂದು ಸಂಜೆ ‘ಕಥಾಮಾಲೆ’ಯನ್ನೂ ಗಟ್ಟಿಯಾಗಿ ಓದಿ.