ಕಾಯಿಹಾಲಿನ ವ್ಯಾಜ್ಯ

2018ರ ಏಪ್ರಿಲ್‌ನಲ್ಲಿ ಮಲೇಷ್ಯಾದಲ್ಲಿ ಚುನಾವಣೆಯ ಕಾವು ಏರಿತ್ತು. ಒಂದು ಕಡೆ ಪ್ರಧಾನಿ ನಜೀಬ್ ರಜಾಕ್, ಇನ್ನೊಂದು ಕಡೆ ಅವರನ್ನು ಇಳಿಸಲೇಬೇಕೆಂದು ತೊಂಬತ್ತು ದಾಟಿದ ಮೇಲೆ ಮತ್ತೆ ಕಣಕ್ಕಿಳಿದ ಮಹಾತಿರ್ ಮೊಹಮದ್. ಮುಖ ಕೊಟ್ಟು ಮಾತಾಡದ ಈ ಇಬ್ಬರನ್ನು ಒಂದು ದಿನದ ಮಟ್ಟಿಗೆ ಒಂದೇ ಪಕ್ಷಕ್ಕೆ ಸೇರಿಸಿದ್ದು ಕೋಳಿಯ ಚರ್ಮ.

ಬ್ರಿಟನ್ನಿನ ‘ಮಾಸ್ಟರ್‌ಶೆಫ್’ ಸ್ಪರ್ಧೆಯಲ್ಲಿ ಮಲೇಷ್ಯಾ ಮೂಲದ ಮಹಿಳೆಯೊಬ್ಬರು ನಾಸಿ ಲೆಮಾಕ್, ಎಂದರೆ ಕಾಯಿಹಾಲಿನಲ್ಲಿ ಬೇಯಿಸಿದ ಅನ್ನದ ಜೊತೆಗೆ ಕೋಳಿ ರೆಂಡಾಂಗ್ ಮಾಡಿ ಬಡಿಸಿದ್ದರು. ಚರ್ಮ ಗರಿಗರಿಯಾಗಿಲ್ಲ ಎಂದು ತೀರ್ಪುಗಾರ ಗ್ರೆಗ್ ವಾಲೆಸ್ ಮೂಗು ಮುರಿದರು. ಆಕೆ ಸ್ಪರ್ಧೆಯಿಂದ ಹೊರಬಿದ್ದರು. ಗಂಟೆಗಟ್ಟಲೆ ಕಾಯಿಹಾಲಿನಲ್ಲಿ ಬೆಂದ ಕೋಳಿಗೆ ಗರಿಗರಿ ಚರ್ಮ ಎಲ್ಲಿಂದ ಬರಬೇಕು? ರೆಂಡಾಂಗನ್ನು ಗರಿಗರಿಯಾಗಿ ತಿನ್ನುವವರು ಯಾರಾದರೂ ಇದ್ದಾರೆಯೇ ಎಂದು ನಜೀಬ್ ಟ್ವೀಟ್ ಮಾಡಿದರು. ಇವರೇನು ಕೆಎಫ್‌ಸಿ ಕೋಳಿಯ ಗುಂಗಿನಲ್ಲಿದ್ದಾರೋ ಎಂಬ ಧಾಟಿಯಲ್ಲಿ ಮಹಾತಿರ್ ಚುಚ್ಚಿದರು. ಇಷ್ಟಕ್ಕೇ ನಿಂತಿದ್ದರೆ ಅದು ಅಡುಗೆ ಗೊತ್ತಿಲ್ಲದವನ ಕತೆಯಾಗಿ ಮುಗಿಯುತ್ತಿತ್ತು. ಇನ್ನೊಬ್ಬ ತೀರ್ಪುಗಾರ ಜಾನ್ ಟೊರೋಡ್ ಸುಮ್ಮನಿರಲಾರದೆ, ರೆಂಡಾಂಗ್ ಇಂಡೊನೇಷ್ಯಾದ್ದೂ ಇರಬಹುದು ಎಂದು ಬರೆದು, ಕೊನೆಯಲ್ಲಿ ‘ನಮಸ್ತೆ’ ಎಂದು ಸೇರಿಸಿದರು. ಎರಡು ದೇಶಗಳಿಗೂ ಸೇರದ ಆ ನಮಸ್ತೆ ಯಾರಿಗೆ ಹೇಳಿದ್ದೋ! ಮಲೇಷ್ಯಾದವರಿಗೆ ‘ಇಂಡೊನೇಷ್ಯಾ’ ಎಂದದ್ದಕ್ಕೆ ಸಿಟ್ಟು, ಇಂಡೊನೇಷ್ಯಾದವರಿಗೆ ‘ಇರಬಹುದು’ ಎಂದದ್ದಕ್ಕೆ ಸಿಟ್ಟು.

ಈ ಸಿಟ್ಟಿಗೆ ಹಿನ್ನೆಲೆ ಇದೆ. 2011ರಲ್ಲಿ ಸಿಎನ್‌ಎನ್ ತನ್ನ ಓದುಗರಿಂದ ಮತ ಹಾಕಿಸಿ ಜಗತ್ತಿನ ಅತಿ ರುಚಿಯ ಐವತ್ತು ತಿನಿಸುಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನಕ್ಕೆ ಬಂದದ್ದು ರೆಂಡಾಂಗ್. ಮತ ಎಣಿಸಿ ರುಚಿ ಅಳೆಯುವ ಪಟ್ಟಿಗಳ ಮೇಲೆ ನನಗೆ ನಂಬಿಕೆ ಕಡಿಮೆ. ಆದರೆ ಯಾರಿಗೂ ಬೇಡವಾದ ಜಾಗಕ್ಕೆ ಯಾರೂ ಬೇಲಿ ಹಾಕುವುದಿಲ್ಲ, ಹೆಸರು ಬಂದ ಮೇಲೆಯೇ ಬೇಲಿ.

ರೆಂಡಾಂಗ್ ಯಾರದು ಎಂಬ ಪ್ರಶ್ನೆಗೆ ಒಲೆಯ ಪಕ್ಕ ಉತ್ತರವಿದೆ. ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವ್ ಜನರ ಅಡುಗೆಮನೆಯಲ್ಲಿ ಅಗಲ ಬಾಣಲೆಗೆ ಗಟ್ಟಿ ಕಾಯಿಹಾಲು ಸುರಿಯುತ್ತಾರೆ. ಮೆಣಸಿನಕಾಯಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಮತ್ತು ಶುಂಠಿಯ ಬಳಗದ್ದೇ ಆದ ಗಲಾಂಗಲ್ ಗೆಡ್ಡೆಯನ್ನು ಅರೆದು ಹಾಕುತ್ತಾರೆ. ಜಜ್ಜಿದ ಮಜ್ಜಿಗೆ ಹುಲ್ಲು, ನಮ್ಮ ಕರಾವಳಿಯವರು ಕಡುಬಿಗೆ ಬಳಸುವ ಅದೇ ಅರಿಶಿನದ ಎಲೆ, ಆಮೇಲೆ ಮಾಂಸದ ತುಂಡುಗಳು. ಹಳೆಯ ಪದ್ಧತಿಯಲ್ಲಿ ಅದು ಕೋಣದ್ದು. ಕುದಿ ಬಂದು ಮಾಂಸ ಮೆತ್ತಗಾಗುತ್ತಿರುವಾಗ ಅದು ತೆಳುವಾದ ಸಾರು. ಆ ಘಟ್ಟಕ್ಕೆ ‘ಗುಲಾಯ್’ ಎಂದು ಹೆಸರು. ಅಲ್ಲಿಗೇ ಇಳಿಸಿ ಉಣ್ಣುವವರೂ ಇದ್ದಾರೆ. ಇಳಿಸದೆ ಬಿಟ್ಟರೆ ಹಾಲು ಬತ್ತಿ, ಬಣ್ಣ ಕಂದಿಗೆ ತಿರುಗಿ, ಅಂಚಿನಲ್ಲಿ ಎಣ್ಣೆ ಬಿಡತೊಡಗುತ್ತದೆ. ಅದು ‘ಕಾಲಿಯೊ’. ಇಲ್ಲಿಂದ ಮುಂದೆ ಸೌಟು ಕೈಬಿಡುವಂತಿಲ್ಲ, ಉರಿ ಏರಿಸುವಂತಿಲ್ಲ. ನೀರಿನಂಶ ಪೂರ್ತಿ ಹೋಗಿ, ಕಾಯಿಹಾಲಿನಿಂದ ಬಿಟ್ಟ ಎಣ್ಣೆಯಲ್ಲೇ ಮಾಂಸ ಹುರಿಯುತ್ತಾ, ಮಸಾಲೆ ಅದರ ಮೈಗೆ ಕಪ್ಪಗೆ ಹತ್ತಿಕೊಂಡಾಗ ಮಾತ್ರ ಅದು ರೆಂಡಾಂಗ್. ಬಹಳಷ್ಟು ನಾಡುಗಳಲ್ಲಿ ಮಾಂಸವನ್ನು ಮೊದಲು ಹುರಿದು ಆಮೇಲೆ ಬೇಯಿಸುತ್ತಾರೆ; ಇವರು ಬೇಯಿಸಿ ಆಮೇಲೆ ಹುರಿಯುತ್ತಾರೆ. ನೀರಿಲ್ಲದ ಕಾರಣ ವಾರಗಟ್ಟಲೆ ಕೆಡುವುದಿಲ್ಲ. ಹರೆಯಕ್ಕೆ ಬಂದ ಗಂಡುಮಕ್ಕಳು ಊರು ಬಿಟ್ಟು ಹೋಗಿ ದುಡಿದು ಬರಬೇಕು ಎಂಬ ‘ಮೆರಾಂತಾವ್’ ಪದ್ಧತಿ ಇರುವ ಜನಕ್ಕೆ ಅಂಥ ಬುತ್ತಿ ಬೇಕೇ ಬೇಕಿತ್ತು.

ಮಲೇಷ್ಯಾದ ಹೋಟೆಲುಗಳಲ್ಲಿ ‘ರೆಂಡಾಂಗ್’ ಎಂದು ಬರುವ ಬಹುಪಾಲು ತಟ್ಟೆಗಳಲ್ಲಿ ಮಸಾಲೆ ಇನ್ನೂ ಒದ್ದೆಯಾಗಿರುತ್ತದೆ. ತೆಂಗಿನ ತುರಿಯನ್ನು ಕಂದು ಬಣ್ಣಕ್ಕೆ ಹುರಿದು ಕುಟ್ಟಿದ ‘ಕೆರಿಸಿಕ್’ ಹಾಕಿ ಗಟ್ಟಿ ಮಾಡಿರುತ್ತಾರೆ. ಪಡಾಂಗ್ ಊರಿನ ಅಡುಗೆಯವನ ಕಣ್ಣಿಗೆ ಅದು ಕಾಲಿಯೊ ಅಷ್ಟೇ. ಪೆರಾಕ್ ರಾಜ್ಯದ ‘ರೆಂಡಾಂಗ್ ತೋಕ್’ ಮಾತ್ರ ಈ ಆಕ್ಷೇಪಕ್ಕೆ ಸಿಗುವುದಿಲ್ಲ, ಒಣಗಿ ಕಪ್ಪಾಗುವವರೆಗೆ ಅವರೂ ಬಿಡುವುದಿಲ್ಲ. ನನ್ನ ತೀರ್ಪು ಕೇಳಿದರೆ ರೆಂಡಾಂಗ್ ಮಿನಾಂಗ್‌ಕಬಾವ್ ಜನರದು, ಅನುಮಾನವಿಲ್ಲ. ಹಾಗೆಂದ ಮಾತ್ರಕ್ಕೆ ಮಲೇಷ್ಯಾದ್ದಲ್ಲ ಎಂದಾಯಿತೇ?

ಆಗಲಿಲ್ಲ. ಮಲಾಕ್ಕಾ ಜಲಸಂಧಿ ದಾಟಿ ಈಚೆ ದಡಕ್ಕೆ ಬಂದ ಮಿನಾಂಗ್‌ಕಬಾವ್ ಜನ ಕಟ್ಟಿಕೊಂಡ ನಾಡೇ ಇಂದಿನ ಮಲೇಷ್ಯಾದ ನೆಗೆರಿ ಸೆಂಬಿಲಾನ್ ರಾಜ್ಯ. 1773ರಲ್ಲಿ ಅಲ್ಲಿನ ಮುಖ್ಯಸ್ಥರು ಸುಮಾತ್ರಾದ ಪಗಾರುಯುಂಗ್ ಅರಮನೆಗೆ ಹೇಳಿಕಳಿಸಿ, ರಾಜಾ ಮೆಲೆವಾರ್ ಎಂಬವನನ್ನು ಕರೆಸಿ ತಮಗೆ ಅರಸನನ್ನಾಗಿ ಮಾಡಿಕೊಂಡರು. ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಅಲ್ಲಿನ ಕಟ್ಟಳೆ ಅಪರಿಚಿತ ಎನಿಸದು. ಕುಲವೂ ಕುಲದ ಭೂಮಿಯೂ ಹೆಣ್ಣಿನ ಕಡೆಯಿಂದ ಇಳಿಯುತ್ತವೆ. ಅವರ ರೆಂಡಾಂಗಿಗೆ ಹಸಿ ಸೂಜಿಮೆಣಸು, ಹಸಿ ಅರಿಶಿನ ಬೀಳುವುದರಿಂದ ಬಣ್ಣ ಹಳದಿ, ಖಾರ ಕಣ್ಣೀರು ತರಿಸುವಂಥದ್ದು. 1824ರಲ್ಲಿ ಬ್ರಿಟಿಷರೂ ಡಚ್ಚರೂ ಲಂಡನ್ನಿನಲ್ಲಿ ಕೂತು ಒಪ್ಪಂದ ಮಾಡಿಕೊಂಡು, ಜಲಸಂಧಿಯ ಆ ಕಡೆಯ ಸುಮಾತ್ರಾ ನಿಮಗೆ, ಈ ಕಡೆಯ ಮಲಯಾ ನಮಗೆ ಎಂದು ಹಂಚಿಕೊಂಡಾಗ, ಒಂದೇ ಬಾಣಲೆಯಲ್ಲಿ ಉಣ್ಣುತ್ತಿದ್ದ ಜನ ಎರಡು ಕಡೆ ಬಿದ್ದರು. ಜಲಸಂಧಿಯಲ್ಲಿ ಇವತ್ತಿನ ಎರಡು ದೇಶಗಳ ಗಡಿಗೆ ಆ ಒಪ್ಪಂದದ ಗೆರೆಯೇ ಮೂಲ. ಟ್ವಿಟರ್‌ನಲ್ಲಿ ಜಗಳವಾಡಿದ ಎರಡೂ ಕಡೆಯವರು ಕಾಯುತ್ತಿದ್ದದ್ದು ಅದೇ ಗೆರೆಯನ್ನು.

ದೂರದಲ್ಲಿ ಕೂತು ನಗುವ ಯೋಗ್ಯತೆ ನಮಗೂ ಇಲ್ಲ. ಬಸವನಗುಡಿಯ ಯಾವುದೇ ದರ್ಶಿನಿಯ ಮುಂದೆ ನಿಂತು, ಇಡ್ಲಿ ಇಂಡೊನೇಷ್ಯಾದಿಂದ ಬಂದದ್ದು ಎಂದು ಗಟ್ಟಿಯಾಗಿ ಹೇಳಿ ನೋಡಿ. ಹಾಗೆ ಹೇಳಿದವರು ಹೊರಗಿನವರೂ ಅಲ್ಲ. ಕೊಳ್ಳೇಗಾಲದಲ್ಲಿ ಹುಟ್ಟಿದ, ಭಾರತದ ಆಹಾರದ ಇತಿಹಾಸವನ್ನು ಅಗೆದು ತೆಗೆದ ಕೆ.ಟಿ. ಅಚ್ಚಯ್ಯ. ಅವರ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರಿದೆ. ನೂರು ವರ್ಷದ ಆಚೀಚೆ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲೂ ಉದ್ದಿನದೇ ‘ಇಡ್ಡರಿಕಾ’. ಈ ಹಳೆಯ ಪಾಠಗಳಲ್ಲಿ ಅಕ್ಕಿಯಿಲ್ಲ, ರಾತ್ರಿಯಿಡೀ ಹುದುಗು ಬರಿಸುವುದಿಲ್ಲ, ಹಬೆಯಲ್ಲಿ ಬೇಯಿಸುವುದಿಲ್ಲ. ಈ ಮೂರೂ ಹುದುಗಿನ ಅಡುಗೆಯಲ್ಲಿ ಪಳಗಿದ ಇಂಡೊನೇಷ್ಯಾದಿಂದ, ಅಲ್ಲಿನ ಹಿಂದೂ ಅರಸರ ಜೊತೆಗಿದ್ದ ಅಡುಗೆಯವರ ಮೂಲಕ ಬಂದಿರಬಹುದು ಎಂದು ಅವರು ಊಹಿಸಿದರು. ಹಬೆಯ ಪಾತ್ರೆ ಭಾರತದಲ್ಲಿ ಇರಲಿಲ್ಲ ಎಂಬ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನ ಮಾತನ್ನು ಆಧಾರಕ್ಕೆ ಹಿಡಿದರು. ನನಗೆ ಒಪ್ಪಿಗೆಯಾಗದಿರುವುದು ಈ ಕೊನೆಯ ಭಾಗ. ಹಬೆಗೆ ಪ್ರತ್ಯೇಕ ಪಾತ್ರೆ ಯಾಕೆ ಬೇಕು? ಕುದಿಯುವ ನೀರಿನ ಮಡಕೆ, ಅದರ ಬಾಯಿಗೆ ಬಿಗಿದ ಬಟ್ಟೆ, ಮೇಲೊಂದು ಮುಚ್ಚಳ ಸಾಕು. ಅಂಥ ಏರ್ಪಾಟು ಯಾತ್ರಿಕನ ಕಣ್ಣಿಗೆ ‘ಪಾತ್ರೆ’ಯಾಗಿ ಕಾಣುವುದೂ ಇಲ್ಲ. ಆದರೂ ಅಚ್ಚಯ್ಯನವರ ಹೆಸರೆತ್ತಿದ ಕೂಡಲೇ ಮುಖ ಕೆಂಪಗೆ ಮಾಡಿಕೊಳ್ಳುವವರು ಪುರಾವೆ ನೋಡಿ ಸಿಟ್ಟಾದವರಲ್ಲ. ಚಟ್ನಿ ನೋಡಿ ಸಿಟ್ಟಾದವರು.

ಕೌಲಾಲಂಪುರ ಮತ್ತು ಸಿಂಗಪುರದ ಜಗಳ ಇದಕ್ಕಿಂತ ಬೇರೆ ಬಗೆಯದು, ಒಡಹುಟ್ಟಿದವರ ಪಾಲಿನದು. 2009ರ ಸೆಪ್ಟೆಂಬರ್‌ನಲ್ಲಿ ಮಲೇಷ್ಯಾದ ಅಂದಿನ ಪ್ರವಾಸೋದ್ಯಮ ಸಚಿವೆ ಎಂಗ್ ಯೆನ್ ಯೆನ್, ನಮ್ಮ ತಿನಿಸುಗಳನ್ನು ಬೇರೆಯವರು ಅಪಹರಿಸಿದ್ದಾರೆ ಎಂದು ಸಿಡಿದರು. ಲಕ್ಸಾ, ನಾಸಿ ಲೆಮಾಕ್, ಬಾಕ್ ಕುಟ್ ತೆ, ಹೈನಾನ್ ಕೋಳಿ ಅನ್ನ, ಚಿಲ್ಲಿ ಕ್ರ್ಯಾಬ್ ಎಲ್ಲ ಅವರ ಪಟ್ಟಿಯಲ್ಲಿದ್ದವು. ‘ಬೇರೆಯವರು’ ಯಾರೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. 1963ರಲ್ಲಿ ಮಲೇಷ್ಯಾ ಒಕ್ಕೂಟಕ್ಕೆ ಸೇರಿದ ಸಿಂಗಪುರ 1965ರ ಆಗಸ್ಟ್ 9ರಂದು ಹೊರಬಿತ್ತು. ಅಲ್ಲಿಗೆ ಪಾಲಾಯಿತು ಮನೆ. ಅಡುಗೆಯ ಪಾಲು ಇನ್ನೂ ಆಗಿಲ್ಲ.

ಪಟ್ಟಿಯಲ್ಲಿ ನನಗೆ ಅತಿ ಪ್ರಿಯವಾದದ್ದು ಕೋಳಿ ಅನ್ನ. ನೋಡಲು ಏನೂ ಇಲ್ಲ: ಬಿಳಿಚಿದ ಕೋಳಿ, ಬಿಳಿಚಿದ ಅನ್ನ, ಪಕ್ಕದಲ್ಲಿ ಸೌತೆಕಾಯಿ. ಕೋಳಿಯನ್ನು ಇಡಿಯಾಗಿ ನೀರಿನಲ್ಲಿ ಮುಳುಗಿಸುತ್ತಾರೆ. ನೀರು ಕುದಿಯಬಾರದು, ಕುದಿಯ ಅಂಚಿನಲ್ಲಿ ನಡುಗುತ್ತಿರಬೇಕು. ಬೆಂದ ಕೂಡಲೇ ಐಸ್ ನೀರಿಗೆ. ಆಗ ಚರ್ಮ ಬಿಗಿದು, ಅದರ ಕೆಳಗೆ ತೆಳುವಾದ ಜೆಲ್ಲಿಯ ಪದರ ಕಟ್ಟುತ್ತದೆ. ಅಕ್ಕಿಯನ್ನು ಕೋಳಿಯ ಕೊಬ್ಬಿನಲ್ಲಿ ಶುಂಠಿ, ಬೆಳ್ಳುಳ್ಳಿ ಜೊತೆ ಹುರಿದು, ಕೋಳಿ ಬೆಂದ ಅದೇ ನೀರು ಹಾಕಿ, ಪಂದನ್ ಎಲೆಯ ಗಂಟೊಂದನ್ನು ಇಳಿಬಿಟ್ಟು ಬೇಯಿಸುತ್ತಾರೆ. ಬಲ್ಲವರು ಮೊದಲು ಅನ್ನವನ್ನಷ್ಟೇ ಒಂದು ಚಮಚ ಬಾಯಿಗೆ ಹಾಕಿಕೊಂಡು ಅಂಗಡಿಗೆ ಅಂಕ ಕೊಡುತ್ತಾರೆ. ಕೋಳಿಯನ್ನು ಯಾರು ಬೇಕಾದರೂ ಒಪ್ಪವಾಗಿ ಬೇಯಿಸಿಯಾರು, ಅನ್ನದಲ್ಲಿ ಮೋಸ ನಡೆಯುವುದಿಲ್ಲ.

ಇದರ ಬೇರು ಚೀನಾದ ಹೈನಾನ್ ದ್ವೀಪದ ವೆನ್‌ಚಾಂಗ್ ಕೋಳಿಯಲ್ಲಿದೆ. ಹೈನಾನ್ ಜನ ಮಲಯಾಕ್ಕೆ ತಡವಾಗಿ ಬಂದವರು. ಅಷ್ಟರಲ್ಲಿ ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್ ಮಂದಿ ವ್ಯಾಪಾರಗಳನ್ನೆಲ್ಲ ಹಿಡಿದಾಗಿತ್ತು. ಉಳಿದದ್ದು ಬ್ರಿಟಿಷರ ಬಂಗಲೆಗಳಲ್ಲಿ, ಹಡಗುಗಳಲ್ಲಿ ಅಡುಗೆ ಕೆಲಸ. 1940ರ ದಶಕದಲ್ಲಿ ವಾಂಗ್ ಯಿ ಗುವಾನ್ ಎಂಬವರು ಸಿಂಗಪುರದ ಪರ್ವಿಸ್ ಸ್ಟ್ರೀಟಿನ ಆಸುಪಾಸಿನಲ್ಲಿ ಕಾವಡಿ ಹೊತ್ತು ಕೋಳಿ ಅನ್ನ ಮಾರುತ್ತಿದ್ದರು. ಅವರ ಕೈಕೆಳಗೆ ಪಳಗಿದ ಮೊಹ್ ಲೀ ಟ್ವೀ ಮಿಡ್ಲ್ ರೋಡಿನಲ್ಲಿ ತೆರೆದ ‘ಸ್ವೀ ಕೀ’ ಹೋಟೆಲು 1997ರವರೆಗೂ ನಡೆಯಿತು. ಅತ್ತ ಮಲಾಕ್ಕಾದ ಹೈನಾನ್ ಮಂದಿ ಅನ್ನವನ್ನು ಉಂಡೆ ಕಟ್ಟಿದರು. ಬ್ಯಾಂಕಾಕಿಗೆ ಹೋದವರು ಹುದುಗಿಸಿದ ಸೋಯಾ ಕಾಳಿನ ಚಟ್ನಿ ಸೇರಿಸಿದ ‘ಖಾವ್ ಮನ್ ಗಾಯ್’ ಥಾಯ್ ಜನರ ನಿತ್ಯದ ಊಟವಾಯಿತು. ಸಿಂಗಪುರದ ತಟ್ಟೆಯಲ್ಲಿ ಹೈನಾನಿನ ಕೋಳಿಯಿದೆ, ಐಸ್ ನೀರಿಗೆ ಅದ್ದುವ ಕ್ಯಾಂಟನೀಸ್ ಉಪಾಯವಿದೆ, ಮಲಯ ತೋಟದ ಪಂದನ್ ಇದೆ. ಸಚಿವೆ ಇದಕ್ಕೆ ಹಕ್ಕು ಹೂಡಿದ್ದೇ ವಿಚಿತ್ರ. ಸಿಂಗಪುರ ಅದನ್ನು ತಳ್ಳಿಹಾಕಿದ್ದೂ ಅಷ್ಟೇ ವಿಚಿತ್ರ. ವಾಂಗ್ ಕಾವಡಿ ಹೊತ್ತ ಕಾಲದಲ್ಲಿ ಈ ಎರಡು ದೇಶಗಳಲ್ಲಿ ಒಂದೂ ಹುಟ್ಟಿರಲಿಲ್ಲ.

ಲಕ್ಸಾದ ಬಗ್ಗೆ ಜಗಳವೇ ಬೇಡ, ಅದು ಒಂದು ತಿನಿಸೇ ಅಲ್ಲ. ಪೆನಾಂಗಿನದು ಹುಣಸೆ ಹುಳಿಯ, ಬಂಗುಡೆ ಜಾತಿಯ ಮೀನು ಬಿಡಿಸಿ ಹಾಕಿದ ಸಾರು, ಕಾಯಿಹಾಲಿನ ಸುಳಿವಿಲ್ಲ. ಸಿಂಗಪುರದ ಕಾಟೊಂಗಿನದು ತುಂಬ ಕಾಯಿಹಾಲು, ಚಮಚದಲ್ಲೇ ತಿನ್ನುವಂತೆ ತುಂಡರಿಸಿದ ಶಾವಿಗೆ. ಜೋಹೋರಿನವರು ಶಾವಿಗೆಯ ಬದಲು ಇಟಲಿಯ ಸ್ಪಾಗೆಟ್ಟಿ ಹಾಕುತ್ತಾರೆ. ರೋಮ್ ಇನ್ನೂ ದಾವೆ ಹೂಡಿದಂತಿಲ್ಲ.

ಸರ್ಕಾರಗಳು ಈ ವ್ಯಾಜ್ಯವನ್ನು ಈಗ ಯುನೆಸ್ಕೊ ಅಂಗಳಕ್ಕೆ ಒಯ್ದಿವೆ. ಸಿಂಗಪುರ ತನ್ನ ಹಾಕರ್ ಸಂಸ್ಕೃತಿಯನ್ನು, ಎಂದರೆ ಒಂದೇ ಸೂರಿನಡಿ ಸಾಲಾಗಿ ಕೂತ ತಿಂಡಿ ಅಂಗಡಿಗಳ ಬದುಕನ್ನು, ಪಾರಂಪರಿಕ ಪಟ್ಟಿಗೆ ಸೇರಿಸುವೆವೆಂದು 2018ರಲ್ಲಿ ಸಾರಿದಾಗ ಮಲೇಷ್ಯಾದ ಬಾಣಸಿಗರು ಕೆರಳಿದರು. 2020ರ ಡಿಸೆಂಬರ್‌ನಲ್ಲಿ ಪಟ್ಟಿಗೆ ಅದು ಸೇರಿಯೂ ಸೇರಿತು. 2024ರ ಡಿಸೆಂಬರ್‌ನಲ್ಲಿ ಮಲೇಷ್ಯಾದ ಬೆಳಗಿನ ತಿಂಡಿಯ ಸಂಸ್ಕೃತಿಗೂ ಮನ್ನಣೆ ಬಂತು: ನಾಸಿ ಲೆಮಾಕ್, ಹಾಲಿನ ಚಹಾ ತೆ ತಾರಿಕ್, ಮತ್ತು ದಕ್ಷಿಣ ಭಾರತದ ಮುಸ್ಲಿಮರು ಒಯ್ದ ಪರೋಟದ ಅಲ್ಲಿನ ಅವತಾರ ರೋಟಿ ಚನಾಯ್. ಅದೇ ಸಭೆಯಲ್ಲಿ ‘ಕೆಬಾಯ’ ಎಂಬ ಹೆಂಗಸರ ಮೇಲುಡುಗೆಗೆ ಬ್ರೂನೈ, ಇಂಡೊನೇಷ್ಯಾ, ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್ ಐದೂ ಒಟ್ಟಾಗಿ ಸಹಿ ಹಾಕಿದ ಅರ್ಜಿ ಗೆದ್ದಿತು. ರವಿಕೆಗೆ ಒಪ್ಪಿದವರು ಅನ್ನಕ್ಕೆ ಒಪ್ಪಲಾರರು!

ಚಿಲ್ಲಿ ಕ್ರ್ಯಾಬ್ ವಿಷಯದಲ್ಲಿ ಮಾತ್ರ ಸಚಿವೆಯ ಮಾತು ಪೂರ್ತಿ ಬಿದ್ದುಹೋಗುತ್ತದೆ. ಇದಕ್ಕೆ ಊರಿದೆ, ವರ್ಷವಿದೆ, ಮಾಡಿದವರ ಹೆಸರೂ ಇದೆ. ಸಿಂಗಪುರದ ಚೆರ್ ಯಾಮ್ ತಿಯಾನ್ ಎಂಬ ಗೃಹಿಣಿ ಏಡಿಯನ್ನು ಬರೇ ಹಬೆಯಲ್ಲಿ ಬೇಯಿಸಿ ಕೊಡುತ್ತಿದ್ದರು. ಗಂಡನಿಗೆ ಬೇಸರ ಬಂತು. ಟೊಮೆಟೊ ಸಾಸ್ ಹಾಕಿ ಹುರಿದರು. ಸಿಹಿ ಜಾಸ್ತಿಯಾಯಿತು ಎಂದು ಬಾಟಲಿಯ ಚಿಲ್ಲಿ ಸಾಸನ್ನೂ ಸುರಿದರು. 1956ರಲ್ಲಿ ಗಂಡ ಹೆಂಡತಿ ಅದನ್ನು ತಳ್ಳುಗಾಡಿಯಲ್ಲಿಟ್ಟು ಮಾರತೊಡಗಿದರು, ಆಮೇಲೆ ‘ಪಾಮ್ ಬೀಚ್’ ಎಂದು ಹೋಟೆಲು ಹಾಕಿದರು. ಇಷ್ಟಾಗಿಯೂ ಈಗ ಪ್ರವಾಸಿಗರು ಬೆರಳು ಚೀಪುತ್ತಾ ತಿನ್ನುವುದು ಅವರ ಏಡಿಯನ್ನಲ್ಲ. ಡ್ರ್ಯಾಗನ್ ಫೀನಿಕ್ಸ್ ಹೋಟೆಲಿನ ಬಾಣಸಿಗ ಹೂಯಿ ಕೋಕ್ ವಾಯ್ 1963ರಲ್ಲಿ ಬಾಟಲಿ ಸಾಸು ಬಿಟ್ಟು ಮೆಣಸಿನಕಾಯಿ ಅರೆದ ಸಾಂಬಾಲ್ ಮತ್ತು ಟೊಮೆಟೊ ಪೇಸ್ಟ್ ಹಾಕಿದರು. ಕೊನೆಯಲ್ಲಿ ಒಡೆದ ಮೊಟ್ಟೆಯನ್ನು ಎಳೆಎಳೆಯಾಗಿ ಹರಿಯಬಿಟ್ಟು ಸಾರನ್ನು ಗಟ್ಟಿ ಮಾಡಿದರು. ಹೋಟೆಲುಗಳ ತುಂಬ ಹರಡಿದ್ದು ಈ ಎರಡನೆಯ ಕೈಯ ಅಡುಗೆ. ಮೊದಲಿಗರು ಯಾರೆಂದು ಕೇಳಿದರೆ ಚೆರ್ ಅಮ್ಮನ ಹೆಸರನ್ನೇ ಹೇಳುತ್ತೇನೆ. ಆದರೆ ಏಡಿಯ ಓಡು ಒಡೆದು ಮುಗಿದ ಮೇಲೆ, ಕರಿದ ಮಾಂತೌ ಬನ್ನನ್ನು ಮುರಿದು ಅದ್ದಲು ನನಗೆ ಮೊಟ್ಟೆಯಿರುವ 1963ರ ಸಾರೇ ಬೇಕು.