ಮೊದಲು ಪೆನ್‌ಡ್ರೈವ್‌ನಲ್ಲಿ, ಆಮೇಲೆ ಡಿಸ್ಕಿನಲ್ಲಿ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪದ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಲಿನಕ್ಸ್ ಹಾಕಿ ನೋಡಿ.

ಲಿನಕ್ಸ್ ಎಂದ ಕೂಡಲೇ ಕಪ್ಪು ಪರದೆ, ಬಿಳಿ ಅಕ್ಷರ ನೆನಪಾಗಿ ಹಿಂಜರಿಯುವವರೇ ಜಾಸ್ತಿ. ಅವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೆ ದುಡಿಯುತ್ತಿರುವುದೂ ಲಿನಕ್ಸ್ ಕರ್ನೆಲ್ಲೇ! ಮೆಮೊರಿ, ಡಿಸ್ಕ್, ಕೀಬೋರ್ಡುಗಳನ್ನು ಯಾವ ತಂತ್ರಾಂಶಕ್ಕೆ ಯಾವಾಗ ಬಿಟ್ಟುಕೊಡಬೇಕೆಂದು ನೋಡಿಕೊಳ್ಳುವ ಪಾರುಪತ್ತೇಗಾರ ಈ ಕರ್ನೆಲ್. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದದ್ದು ಇಷ್ಟನ್ನೇ. ಸುತ್ತಲಿನ ಸಲಕರಣೆಗಳಲ್ಲಿ ಬಹಳಷ್ಟು ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯವು. 1992ರಲ್ಲಿ ಟೊರ್ವಾಲ್ಡ್ಸ್ ಆ ಯೋಜನೆಯ ಜಿಪಿಎಲ್ ಪರವಾನಗಿಯನ್ನೇ ತಮ್ಮ ಕರ್ನೆಲ್‌ಗೂ ಅನ್ವಯಿಸಿದರು. ಅದರ ಪ್ರಕಾರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದಿ ಹಂಚುವವರು ತಮ್ಮ ಸಂಕೇತವನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಬಿಟ್ಟಿ ಸಿಗುತ್ತದೆಂದು ಹಿಗ್ಗುವವರು ಈ ಷರತ್ತಿನ ಬೆಲೆಯನ್ನು ಮರೆಯುತ್ತಾರೆ.

ಇವನ್ನೆಲ್ಲ ಒಟ್ಟುಗೂಡಿಸಿ, ಬಳಸಲು ಸಿದ್ಧವಾಗಿ ಕೊಡುವುದೇ ಡಿಸ್ಟ್ರೋ: ಡೆಬಿಯನ್, ಉಬುಂಟು, ಫೆಡೋರಾ ಮುಂತಾದವು. ಯಾವುದು ಮೇಲೆಂಬ ಜಗಳ ನಮ್ಮಂಥವರ ಚಟ, ನಿಮಗೆ ಬೇಡ. ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್‌ನ ಸಿನಮನ್ ಆವೃತ್ತಿ. ಕೆಳಗೆ ಎಡಕ್ಕೆ ಮೆನು, ಬಲಕ್ಕೆ ಗಡಿಯಾರ. ವಿಂಡೋಸ್‌ಗೆ ಒಗ್ಗಿದ ಕೈ ತಡಕಾಡುವುದಿಲ್ಲ.

ಖಾಲಿ ಪೆನ್‌ಡ್ರೈವ್ ಒಂದನ್ನು ತೆಗೆದುಕೊಳ್ಳಿ. ಡೌನ್‌ಲೋಡ್ ಮಾಡಿದ ಮಿಂಟ್‌ನ ಐಎಸ್‌ಒ ಕಡತವನ್ನು ಸುಮ್ಮನೆ ಕಾಪಿ ಮಾಡಿದರೆ ಆಗದು, ರೂಫಸ್‌ನಂಥ ತಂತ್ರಾಂಶದಿಂದ ಅದರ ಮೇಲೆ ಬರೆಯಬೇಕು. ಲ್ಯಾಪ್‌ಟಾಪ್ ಆನ್ ಆಗುತ್ತಿದ್ದಂತೆ ಎಫ್12 ಒತ್ತಿ (ಕೆಲವದರಲ್ಲಿ ಎಫ್9 ಅಥವಾ ಎಸ್ಕೇಪ್), ಪೆನ್‌ಡ್ರೈವ್ ಆರಿಸಿದರೆ ಇಡೀ ಡೆಸ್ಕ್‌ಟಾಪ್ ಅಲ್ಲಿಂದಲೇ ತೆರೆದುಕೊಳ್ಳುತ್ತದೆ. ನೀವಾಗಿ ಇನ್‌ಸ್ಟಾಲ್ ಮಾಡಲು ಹೊರಡುವವರೆಗೆ ಡಿಸ್ಕಿನಲ್ಲಿರುವ ವಿಂಡೋಸ್ ತನ್ನ ಪಾಡಿಗಿರುತ್ತದೆ. ವೈಫೈ ಹಿಡಿಯಿತೇ, ಹಾಡು ಕೇಳಿಸಿತೇ, ಪ್ರಿಂಟರ್ ಮಾತು ಕೇಳುತ್ತದೆಯೇ ಎಂದು ಈಗಲೇ ನೋಡಿಕೊಳ್ಳಿ. ವೇಗವನ್ನು ಮಾತ್ರ ಅಳೆಯಬೇಡಿ. ಪೆನ್‌ಡ್ರೈವ್‌ನಿಂದ ಓಡುವಾಗ ಏನಿದ್ದರೂ ನಿಧಾನವೇ.

ಕನ್ನಡಕ್ಕೆ ತೊಂದರೆಯಿಲ್ಲ. ಐಬಸ್ ಎಂಬ ಟೈಪಿಂಗ್ ಸಲಕರಣೆಯಲ್ಲಿ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲೇ ಟೈಪಿಸಬಹುದು. ಗುಬ್ಬಿ, ನವಿಲು ಫಾಂಟ್‌ಗಳು ಸಾಫ್ಟ್‌ವೇರ್ ಭಂಡಾರದಲ್ಲೇ ಇವೆ. ಯೂನಿಕೋಡ್‌ಗಿಂತ ಹಿಂದಿನ ನುಡಿ ತಂತ್ರಾಂಶದ ಕಡತಗಳು ಮಾತ್ರ ಕಲಸುಮೇಲೋಗರವಾಗಿ ಕಾಣುತ್ತವೆ, ಮೊದಲೇ ಪರಿವರ್ತಿಸಿಟ್ಟುಕೊಳ್ಳಿ. ವಿಂಡೋಸ್‌ಗೆಂದೇ ಇರುವ ಟ್ಯಾಲಿಯಲ್ಲಿ ಅಂಗಡಿ ಲೆಕ್ಕ ಬರೆಯುವವರಿಗೆ ನಾನಂತೂ ಪೂರ್ತಿ ಬದಲಾಗಿ ಎನ್ನಲಾರೆ. ಅವರು ವಿಂಡೋಸನ್ನೂ ಪಕ್ಕದಲ್ಲಿ ಉಳಿಸಿಕೊಳ್ಳಲಿ.