ವೀಸಾ ಮೋಸ: ಕಾನೂನು ಹಣ ವಾಪಸ್ ಕೊಡಿಸುತ್ತದೆಯೇ?

ಭದ್ರಾವತಿಯ ಎಂಪಿಎಂ ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಅಲ್ಲಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚಲು ಅದರ ಒಡೆತನದ ಸೇಲ್ ಸಂಸ್ಥೆ 2023ರಲ್ಲಿ ತೀರ್ಮಾನಿಸಿತು. ಹೋರಾಟವಾದರೂ ಹಳೆಯ ದಿನಗಳು ಮರಳಲಿಲ್ಲ. ಕ್ವಾರ್ಟರ್ಸ್‌ನಲ್ಲಿ ಬೆಳೆದ ಐಟಿಐ ಹುಡುಗ ದುಬೈ, ಕತಾರ್ ಎನ್ನುತ್ತಾನೆ. ಶಿವಮೊಗ್ಗದ ರವೀಂದ್ರನಗರದಂಥ ಬಡಾವಣೆಯ ಮನೆಗಳಲ್ಲಿ ಮಾತೆಲ್ಲ ಕೆನಡಾ, ಜರ್ಮನಿಯದು. ಎರಡೂ ಕಡೆ ನಡುವೆ ಏಜೆಂಟ್ ಇರುತ್ತಾನೆ. ಅವನು ಕೈಕೊಟ್ಟರೆ ನೆರವಿಗೆ ಬರಬೇಕಾದ ಕಾನೂನುಗಳಿಗೇನೂ ಬರವಿಲ್ಲ. ಆದರೆ ಅವನ್ನು ಒಂದೇ ಅಳತೆಗೋಲಿನಿಂದ ನೋಡಬೇಕು: ಹೋದ ಹಣದಲ್ಲಿ ಎಷ್ಟು, ಎಷ್ಟು ಬೇಗ ಮನೆಗೆ ಮರಳುತ್ತದೆ?

ಮೊದಲನೆಯದು 1983ರ ವಲಸೆ ಕಾಯ್ದೆ. ವಿದೇಶಿ ಕೆಲಸಕ್ಕೆ ಜನ ಕಳಿಸುವವನು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ಅವನ ನೋಂದಣಿ ನಿಜವೇ ಎಂದು ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಈ ಕಾಯ್ದೆಯಲ್ಲಿ ನಿಜಕ್ಕೂ ಮೆಚ್ಚುವಂಥದ್ದು 27ನೇ ಸೆಕ್ಷನ್. ಸಾಮಾನ್ಯವಾಗಿ ಮೊಕದ್ದಮೆಗೆ ಕೇಂದ್ರದ ಅನುಮತಿ ಬೇಕು. ಆದರೆ ಮೋಸಹೋದವನೋ, ಅವನ ಪರವಾಗಿ ತಂದೆ, ತಾಯಿ, ಹೆಂಡತಿ, ಒಡಹುಟ್ಟಿದವರೋ ದೂರು ಕೊಟ್ಟರೆ ಅನುಮತಿಯ ಗೊಡವೆಯಿಲ್ಲ. ಮಗ ಕುವೈತ್‌ನಲ್ಲಿ ಸಿಕ್ಕಿಬಿದ್ದಿದ್ದರೂ ಭದ್ರಾವತಿಯಲ್ಲಿರುವ ತಾಯಿ ದೂರುದಾರಳಾಗಬಹುದು. ಶಿಕ್ಷೆಯ ಕಡೆ ಬಂದರೆ ಮಾತ್ರ ನಗು ಬರುತ್ತದೆ: ಎರಡು ವರ್ಷದವರೆಗೆ ಜೈಲು, ಎರಡು ಸಾವಿರ ರೂಪಾಯಿವರೆಗೆ ದಂಡ. ಇಂದು ಲಕ್ಷಗಟ್ಟಲೆ ನುಂಗಿದವನಿಗೆ ಆ ದಂಡ ಚಿಲ್ಲರೆ ಕಾಸು. ಹೊಸ ಕಾಯ್ದೆಗೆ 2021ರಲ್ಲಿ ಒಂದು ಕರಡು ಬಂತು, 2025ರಲ್ಲಿ ಇನ್ನೊಂದು.

ಎರಡನೆಯದು ಪೊಲೀಸ್ ಠಾಣೆ. ಭಾರತೀಯ ನ್ಯಾಯ ಸಂಹಿತೆಯ 318(4)ರಲ್ಲಿ ವಂಚನೆಗೆ ಏಳು ವರ್ಷದವರೆಗೆ ಶಿಕ್ಷೆಯಿದೆ. 2024ರ ಜುಲೈಗೆ ಮುಂಚಿನ ಮೋಸವಾದರೆ ಹಳೆಯ ಐಪಿಸಿಯ 420ನೇ ಸೆಕ್ಷನ್. ಏಜೆಂಟನ ಆಫೀಸು ಮಂಗಳೂರಿನಲ್ಲಿದ್ದರೂ ಶಿವಮೊಗ್ಗದಲ್ಲೇ ಜೀರೋ ಎಫ್‌ಐಆರ್ ಮಾಡಿಸಬಹುದು. ಠಾಣೆಯವರು ಒಲ್ಲೆನೆಂದರೆ ಎಸ್‌ಪಿಗೆ ಬರೆದು ಕೊಡಬೇಕು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಕಾಗದದ ಮೇಲೆ ದಾರಿ ನೇರ. ಆದರೆ ನಮ್ಮ ಕಡೆ ಹೆಚ್ಚಾಗಿ ಕೇಳಿಬರುವ ಮಾತು: "ಇದು ಸಿವಿಲ್ ಕಣ್ರೀ, ಕೂತು ಮಾತಾಡಿ ಮುಗಿಸ್ಕೊಳ್ಳಿ."

ಆ ರಾಜಿಪಂಚಾಯ್ತಿಯಲ್ಲಿ ಎರಡು ಕಾಗದ ಹುಟ್ಟುತ್ತವೆ. ಒಂದು ಬಾಂಡ್ ಪೇಪರ್. ವೀಸಾಕ್ಕೆಂದು ಕೊಟ್ಟ ಹಣ ಅದರಲ್ಲಿ 'ಕೈಸಾಲ' ಎಂದಾಗಿಬಿಟ್ಟರೆ, ವಂಚನೆ ಕೇಸಿನ ಬೇರೇ ಅಲುಗಾಡುತ್ತದೆ. ಅದಕ್ಕೆ ಸಹಿ ಹಾಕಬಾರದು. ಇನ್ನೊಂದು ಮುಂದಿನ ತಾರೀಖಿನ ಚೆಕ್. ಇದನ್ನು ಹಗುರವಾಗಿ ನೋಡಬೇಕಿಲ್ಲ. ಚೆಕ್ ಬೌನ್ಸ್ ಆದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್ ಕೊಟ್ಟು, 15 ದಿನ ಕಾದು, ನಂತರದ ಒಂದು ತಿಂಗಳಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ ದೂರು ಹಾಕಬಹುದು. ಕೇಸು ನಡೆಯುತ್ತಿರುವಾಗಲೇ ಮೊತ್ತದ ಶೇಕಡಾ 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ 2018ರ ತಿದ್ದುಪಡಿಯಿಂದ ಕೋರ್ಟಿಗಿದೆ. ತಾರೀಖು ತಪ್ಪಿದರೆ ಮಾತ್ರ ಆ ಚೆಕ್ಕಿನ ಬಲ ಹೋದಂತೆಯೇ.

ನನ್ನ ಅಳತೆಗೋಲಿನಲ್ಲಿ ಹೆಚ್ಚು ಅಂಕ ಗ್ರಾಹಕರ ಆಯೋಗಕ್ಕೆ. ಹಣ ಪಡೆದು ಸೇವೆ ಕೊಡದಿದ್ದರೆ ಅದು ಸೇವಾನ್ಯೂನತೆ. 2019ರ ಕಾಯ್ದೆಯ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಫೀಸು ಬೆಂಗಳೂರಿನಲ್ಲಿದ್ದರೂ ಶಿವಮೊಗ್ಗಕ್ಕೆ ಬರಬೇಕಾದವನು ಏಜೆಂಟನೇ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದ ಗಡುವು ನೆನಪಿರಬೇಕು. ಆದೇಶ ಪಾಲಿಸದವನಿಗೆ ಜೈಲೂ ಉಂಟು. ಕೊರತೆಯೆಂದರೆ, ಬೋರ್ಡು ಕಳಚಿ ಓಡಿದವನನ್ನು ಹುಡುಕಿ ತರುವುದು ಆಯೋಗದ ಕೈಯಲ್ಲಿಲ್ಲ. ಅದಕ್ಕೆ ಪೊಲೀಸರೇ ಬೇಕು. ಹಾಗಾಗಿ ಇದೋ ಅದೋ ಎನ್ನುವ ಬದಲು ಎರಡನ್ನೂ ಒಟ್ಟಿಗೆ ಹಿಡಿಯಬೇಕು.

ಪೊಲೀಸರ ಕೈಯಲ್ಲಿ ಈಗ ಹೊಸದೊಂದು ಅಸ್ತ್ರವಿದೆ. ನಾಗರಿಕ ಸುರಕ್ಷಾ ಸಂಹಿತೆಯ 107ನೇ ಸೆಕ್ಷನ್ ಪ್ರಕಾರ ಅಪರಾಧದಿಂದ ಗಳಿಸಿದ ಆಸ್ತಿಯನ್ನು ಕೋರ್ಟ್ ಜಪ್ತಿ ಮಾಡಿಸಿ, ಜಿಲ್ಲಾಧಿಕಾರಿಯ ಮೂಲಕ 60 ದಿನದಲ್ಲಿ ನೊಂದವರಿಗೆ ಹಂಚಿಸಬಹುದು. ಹೆಚ್ಚಾಗಿ ಶಿಕ್ಷೆಗೇ ನಿಲ್ಲುತ್ತಿದ್ದ ಕ್ರಿಮಿನಲ್ ಕೇಸಿಗೆ ಹಣದ ಬಾಗಿಲು ತೆರೆಯುವುದು ಇದೇ. ದೂರಿನಲ್ಲೇ ಏಜೆಂಟನ ಬ್ಯಾಂಕ್ ಖಾತೆ, ಸೈಟು, ವಾಹನದ ವಿವರ ಬರೆದು ಇದನ್ನು ಕೇಳಬೇಕು. ಫೋನ್‌ಪೇ ರಸೀದಿಯ ಪ್ರಿಂಟ್, ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್‌ಗಳ ನಕಲು ಮಾತ್ರ ಸಾಲದು. ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಜೊತೆಗಿರಬೇಕು. ಅವು ಇರುವ ಫೋನನ್ನು ಎಕ್ಸ್‌ಚೇಂಜಿಗೆ ಹಾಕಬಾರದು.

ಮಗ ಇನ್ನೂ ಹೊರದೇಶದಲ್ಲೇ ಇದ್ದರೆ ಈ ಯಾವುದೂ ಮೊದಲ ಕೆಲಸವಲ್ಲ; ಅವನನ್ನು ಸುರಕ್ಷಿತವಾಗಿ ಕರೆತರುವುದು ಮೊದಲು. 2019ರಲ್ಲಿ ಕುವೈತ್‌ನಲ್ಲಿ ಸಿಕ್ಕಿಬಿದ್ದ ಮಂಗಳೂರು ಕಡೆಯ ಸುಮಾರು 35 ಯುವಕರ ಸಂಕಟ ಹೊರಬಿದ್ದದ್ದು ಅವರೇ ಹರಿಬಿಟ್ಟ ವಿಡಿಯೊದಿಂದ. ಅವರ ಕೈಹಿಡಿದವರು ಅಲ್ಲಿನ ಕರಾವಳಿ ಕನ್ನಡಿಗರು. ಕೆಲಸದ ಆಸೆಗೆ ರಷ್ಯಾಕ್ಕೆ ಹೋಗಿ ಯುದ್ಧಭೂಮಿ ಸೇರಿದ ಕಲಬುರಗಿಯ ಯುವಕರು ಮರಳಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಆ ಜಾಲದ ಮೇಲೆ ಸಿಬಿಐ ಮಾನವ ಕಳ್ಳಸಾಗಣೆ ಪ್ರಕರಣ ದಾಖಲಿಸಿದ್ದು ಅದೇ ವರ್ಷದ ಮಾರ್ಚ್‌ನಲ್ಲಿ. ಜೀವ ಉಳಿಸುವ ಕೆಲಸ ರಾಯಭಾರ ಕಚೇರಿಯದು, ಹಣದ ಕೆಲಸ ಇಲ್ಲಿನ ಕೋರ್ಟಿನದು. ಒಂದಕ್ಕಾಗಿ ಇನ್ನೊಂದರ ಗಡುವು ಮೀರಬಾರದು.

ಇಷ್ಟಾದರೂ ದೊಡ್ಡದೊಂದು ಬಿರುಕು ಉಳಿದೇ ಇದೆ. 1983ರ ಕಾಯ್ದೆ ಕೆಲಸಕ್ಕೆ ಕಳಿಸುವವರ ಮೇಲಷ್ಟೇ ಕಣ್ಣಿಟ್ಟಿದೆ. ಓದಿನ ವೀಸಾ, ಪಿಆರ್ (ಕಾಯಂ ವಾಸದ ಅನುಮತಿ) ಕೊಡಿಸುತ್ತೇವೆಂದು ಬೋರ್ಡು ಹಾಕುವ ಕನ್ಸಲ್ಟೆನ್ಸಿಗಳು ಅದರ ಹೊರಗೆ. ಪಂಜಾಬ್ 2012ರಲ್ಲೇ ಇಂಥವರಿಗೂ ಲೈಸೆನ್ಸ್ ಕಡ್ಡಾಯ ಮಾಡುವ ಕಾಯ್ದೆ ತಂದಿತು. ಕರ್ನಾಟಕಕ್ಕೂ ಅಂಥದ್ದೇ ಬೇಕು, ಜೊತೆಗೆ ಠೇವಣಿಯ ಷರತ್ತೂ ಬೇಕು. ಮೋಸಗಾರ ಓಡಿಹೋದಾಗ ತೀರ್ಪಿನ ಪ್ರತಿಯಿಂದ ಸಾಲ ತೀರುವುದಿಲ್ಲ. ಮೊದಲೇ ಸರ್ಕಾರದ ಬಳಿ ಇಟ್ಟ ಠೇವಣಿಯಿಂದ ಒಂದಿಷ್ಟಾದರೂ ತೀರುತ್ತದೆ.